ಲೋಟದಲ್ಲೂ ಸಾಯದ ಮೀನು

ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಪ್ಪ-ಮಗಳು ನನ್ನ ಹತ್ತಿರ ಬಂದರು. ಮಗಳ ಕೈಯಲ್ಲಿ ಉಪ್ಪಿನಕಾಯಿ ಹಾಕಿಡುವಂಥ ಗಾಜಿನ ಭರಣಿ, ಅದರ ತಳದಲ್ಲಿ ಒಂದು ನೀಲಿ ಫೈಟರ್ ಮೀನು. ರೆಕ್ಕೆಗಳನ್ನೆಲ್ಲ ಮೈಗೆ ಅಂಟಿಸಿಕೊಂಡು, ಮಡಚಿಟ್ಟ ಒದ್ದೆ ಕೊಡೆಯ ಹಾಗೆ ಬಿದ್ದುಕೊಂಡಿತ್ತು.

“ಸರ್, ತಂದು ಹದಿನೈದು ದಿನ ಆಯ್ತು. ಒಂದಿನಾನೂ ತಪ್ಪಿಸಿಲ್ಲ. ದಿನಾ ಪೂರ್ತಿ ನೀರು ಚೆಲ್ಲಿ, ಸೋಪ್ ಹಾಕಿ ತೊಳೆದು, ಹೊಸ ನೀರು ಹಾಕ್ತೀವಿ. ಆದ್ರೂ ಹಿಂಗಾಗಿದೆ” ಅಂದರು ಅಪ್ಪ. ಇಷ್ಟು ಸೇವೆ ಮಾಡಿಯೂ ಹೀಗಾ ಅನ್ನುವ ದೂರು ಅವರ ದನಿಯಲ್ಲಿತ್ತು.

ಥರ್ಮಾಮೀಟರ್ ಇಳಿಬಿಟ್ಟೆ. 20 ಡಿಗ್ರಿ. ನಾನು ಮಾತಾಡುವ ಮೊದಲೇ ಮಗಳು ಕೇಳಿದಳು: “ಅಂಕಲ್, ಅಂಗಡೀಲಿ ಇದಕ್ಕಿಂತ ಚಿಕ್ಕ ಲೋಟದಲ್ಲಿತ್ತು. ಅಲ್ಲಿ ಚೆನ್ನಾಗೇ ಇತ್ತಲ್ಲಾ?”

ಮೀನುಗಾರಿಕೆ ವಿಜ್ಞಾನ ಓದಿ ಬೆಂಗಳೂರಿನಲ್ಲಿ ಜನರ ಅಕ್ವೇರಿಯಂ ನೋಡಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವನು ನಾನು. ಬೆಟ್ಟಾ, ಅಂದರೆ ಈ ಫೈಟರ್ ಮೀನು, ಸಾಕಲು ಹೊರಟವರು ಕೇಳಬೇಕಾದ ಪ್ರಶ್ನೆ ಅಂದರೆ ಆ ಹುಡುಗಿ ಕೇಳಿದ್ದೇ. ಬೇರೆ ಎಷ್ಟೋ ಮೀನುಗಳು ಆ ಲೋಟದಲ್ಲಿ ಹೆಚ್ಚು ಹೊತ್ತು ಉಳಿಯುತ್ತಿರಲಿಲ್ಲ. ಇದು ಹೇಗೆ ಉಳಿಯಿತು?

ಬೆಟ್ಟಾದ ಕಿವಿರಿನ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಅನ್ನುವ ಒಂದು ಅಂಗವಿದೆ. ಮಡಿಕೆ ಮಡಿಕೆಯಾದ ತೆಳು ಮೂಳೆ, ಅದರ ಮೇಲೆಲ್ಲ ಸಣ್ಣ ರಕ್ತನಾಳಗಳ ಹಾಸು. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿದರೆ ಅಲ್ಲಿಂದಲೇ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಮೀನು ಮಾರುಕಟ್ಟೆಯಲ್ಲಿ ಕೊರವ, ಅಂದರೆ ಮರ್ರೆಲ್, ಬುಟ್ಟಿಯಲ್ಲಿ ಗಂಟೆಗಟ್ಟಲೆ ಜೀವಂತ ಇರುವುದನ್ನು ನೋಡಿದ್ದೀರಲ್ಲ, ಅದೂ ಹೀಗೇ ಗಾಳಿ ಕುಡಿದು ಬದುಕುವ ಮೀನು. ಬೆಟ್ಟಾದ ಮೂಲ ಥಾಯ್ಲೆಂಡಿನ ಭತ್ತದ ಗದ್ದೆ, ಜೌಗು, ನಿಧಾನ ಹರಿಯುವ ಕಾಲುವೆ. ಅಲ್ಲಿನ ಬೆಚ್ಚಗಿನ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಈ ಏರ್ಪಾಡು. ಥಾಯ್ ಜನ ಇದನ್ನು ಪ್ಲಾ ಕಾಟ್, ಕಚ್ಚುವ ಮೀನು, ಅನ್ನುತ್ತಾರೆ. 2019ರಲ್ಲಿ ಅದನ್ನು ತಮ್ಮ ರಾಷ್ಟ್ರೀಯ ಜಲಚರ ಅಂತಲೂ ಘೋಷಿಸಿಕೊಂಡರು.

ಗದ್ದೆಯಲ್ಲಿ ನೀರು ಮೊಣಕಾಲುದ್ದವೂ ಇರುವುದಿಲ್ಲ ನಿಜ. ಆದರೆ ಎಷ್ಟು ಅಗಲ! ಎಷ್ಟೊಂದು ಗಿಡ, ಬೇರು, ಕೆಸರು! ನಮ್ಮವರು ‘ಕಡಿಮೆ ನೀರು’ ಅನ್ನುವುದನ್ನಷ್ಟೇ ಹಿಡಿದುಕೊಂಡು ಲೋಟಕ್ಕೆ ಹಾಕಿದರು. ಲ್ಯಾಬಿರಿಂತ್ ಆಮ್ಲಜನಕದ ಕೊರತೆಯೊಂದನ್ನು ನೀಗಿಸುತ್ತದೆ, ಅಷ್ಟೆ. ಚಳಿಗೆ ಅದು ಕಂಬಳಿಯಾಗುವುದಿಲ್ಲ. ಮೀನು ತಾನೇ ಹೊರಬಿಟ್ಟ ಅಮೋನಿಯಾ ಅದರ ಕಿವಿರನ್ನು ಸುಡುತ್ತಿದ್ದರೆ ಅದನ್ನೂ ತಡೆಯುವುದಿಲ್ಲ. ಲೋಟದಲ್ಲಿ ಈ ಮೀನು ಬೇಗ ಸಾಯುವುದಿಲ್ಲ, ನಿಧಾನವಾಗಿ ಸಾಯುತ್ತದೆ. ಅಂಗಡಿಯಲ್ಲಿ ನಾವು ನೋಡುವುದು ಆ ನಿಧಾನದ ಮೊದಲ ಕೆಲವು ದಿನಗಳನ್ನು.

ಇನ್ನು ಅಮೋನಿಯಾ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು.

ಮೀನಿನ ಕಿವಿರಿನಿಂದಲೇ ಅಮೋನಿಯಾ ನೀರಿಗೆ ಬರುತ್ತಿರುತ್ತದೆ. ತಿನ್ನದೆ ಬಿಟ್ಟ ಕಾಳು, ಹಿಕ್ಕೆ ಕೊಳೆತರೂ ಅದೇ. ಕೆರೆಯಲ್ಲೋ ಗದ್ದೆಯಲ್ಲೋ ಆದರೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದರ ಕಾಟ ಕಡಿಮೆ, ಗಿಡಗಳೂ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳ ವಾಸ ಹೆಚ್ಚಾಗಿ ನೀರಿನಲ್ಲಲ್ಲ, ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಗೋಡೆಯ ಮೇಲೆ. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ. ತಾವಾಗಿ ಬಂದು ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ಕನ್ನಡಿಯಂತೆ ತಿಳಿಯಾಗಿರುವ ಹೊಸ ನೀರೇ ಮೀನಿಗೆ ಅಪಾಯದ ನೀರು. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ದಿನಾ ಸೋಪು ಹಾಕಿ ತೊಳೆಯುವವರ ಮನೆಯಲ್ಲಿ ಆ ಬ್ಯಾಕ್ಟೀರಿಯಾಗಳಿಗೆ ನೆಲೆಯೇ ಸಿಗುವುದಿಲ್ಲ. ಜೊತೆಗೆ ಸೋಪಿನ ಅಂಟು. ಅದರ ಮೇಲೆ ನಲ್ಲಿ ನೀರಿನ ಕ್ಲೋರಿನ್, ಡಿಸೆಂಬರ್ ಬೆಳಗಿನ ಓವರ್‌ಹೆಡ್ ಟ್ಯಾಂಕಿನ ಚಳಿ. ಆ ನೀಲಿ ಮೀನು ಹದಿನೈದು ದಿನದಲ್ಲಿ ಹದಿನೈದು ಸಲ ಈ ಆಘಾತ ತಿಂದಿತ್ತು.

ಇದಕ್ಕೆ ಸುಲಭದ ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ: ಹೆಪ್ಪು. ಹಾಲು ತಾನಾಗಿ ಮೊಸರಾಗಲಿ ಅಂತ ಯಾರೂ ಕಾಯುವುದಿಲ್ಲ, ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವೆ. ಹಾಗೇ ಆರೋಗ್ಯವಾಗಿ ಓಡುತ್ತಿರುವ ಯಾರದಾದರೂ ಅಕ್ವೇರಿಯಂನಿಂದ ಹಳೇ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿನೊಳಗೆ ಸೇರಿಸಿ. ದಾರಿಯಲ್ಲಿ ಒಣಗದಂತೆ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತನ್ನಿ. ಆರು ವಾರದ ಕೆಲಸ ಎಷ್ಟೋ ಬೇಗ ಮುಗಿಯುತ್ತದೆ. ಆದರೆ ಯಾರ ಮನೆ ಹೆಪ್ಪು ಅನ್ನುವುದು ಮುಖ್ಯ. ಕಾಯಿಲೆಯ ಮೀನಿರುವ ಟ್ಯಾಂಕಿನದು ಬೇಡ.

ನಿಯಮದ ಪ್ರಕಾರ ಮೊದಲು ಟ್ಯಾಂಕ್ ಹದಕ್ಕೆ ಬರಬೇಕು, ಆಮೇಲೆ ಮೀನು. ಆದರೆ ನನ್ನ ಹತ್ತಿರ ಬರುವವರೆಲ್ಲ ಮೀನು ತಂದಾದ ಮೇಲೇ ಬರುವವರು. ಅವರಿಗೆ ಬೈದು ಪ್ರಯೋಜನವಿಲ್ಲ. ಒಂದು ಅಮೋನಿಯಾ ಟೆಸ್ಟ್ ಕಿಟ್ ಕೊಳ್ಳಿ ಅನ್ನುತ್ತೇನೆ. ಹನಿ ಹಾಕಿ ಬಣ್ಣ ನೋಡುವ ಥರದ್ದು: ಹಳದಿಯಾಗೇ ಉಳಿದರೆ ಸೊನ್ನೆ, ಹಸಿರಿಗೆ ತಿರುಗಿದಷ್ಟೂ ಅಮೋನಿಯಾ ಜಾಸ್ತಿ. ಮೊದಲ ತಿಂಗಳು ದಿನಾ ನೋಡಿ. 0.25 ಪಿಪಿಎಂ (ಲೀಟರಿಗೆ ಕಾಲು ಮಿಲಿಗ್ರಾಂ) ದಾಟಿತು ಅಂದರೆ ಅವತ್ತೇ ಮೂರನೇ ಒಂದು ಭಾಗ ನೀರು ಬದಲಿಸಿ. ಪೂರ್ತಿ ಬದಲಿಸಬೇಡಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ಕೊಳೆ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು. ಟ್ಯಾಂಕ್ ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿಕೊಂಡು ಹೋದರಾಯಿತು.

ಬದಲಿಸುವ ನೀರಿನ ಬಗ್ಗೆ ಒಂದು ಮಾತು. ಕಾವೇರಿ ನೀರಾದರೆ ಅಂಗಡಿಯಲ್ಲಿ ಆಂಟಿ-ಕ್ಲೋರಿನ್ ಅಂತ ಸಿಗುವ ದ್ರವ ಹಾಕಿ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ. ಬೋರ್‌ವೆಲ್ ನೀರಿನ ಕಥೆ ಬೇರೆ. ಅದು ಗಡಸು, ಆದರೆ ಬೆಟ್ಟಾ ಅದಕ್ಕೆ ಹೊಂದಿಕೊಳ್ಳುತ್ತದೆ. ತೊಂದರೆ ಏನೆಂದರೆ, ನೆಲದಡಿಯ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಬಂದ ಹಾಗೆ ಅದರ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಏರುತ್ತದೆ. ಪಿಎಚ್ ಏರಿದರೆ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಆದ್ದರಿಂದ ಬೋರ್ ನೀರನ್ನೂ ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟೇ ಬಳಸಿ. “ನಾವು ಕುಡಿಯೋ ಆರ್‌ಓ ನೀರೇ ಹಾಕ್ತೀವಿ ಸರ್” ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಲವಣವೆಲ್ಲ ಸೋಸಿದ ಬರೀ ಆರ್‌ಓ ನೀರು ಮೀನಿಗೆ ಹಿತವಲ್ಲ. ಬೇಕಾದರೆ ನಲ್ಲಿ ನೀರಿನ ಜೊತೆ ಬೆರೆಸಿ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು? 20 ಲೀಟರ್ ಅನ್ನುತ್ತೇನೆ. 10 ಲೀಟರಿಗಿಂತ ಕಡಿಮೆ ಅಂದರೆ ನಾನು ಒಪ್ಪುವುದಿಲ್ಲ. ನೀರು ಹೆಚ್ಚಿದ್ದಷ್ಟೂ ನಮ್ಮ ತಪ್ಪುಗಳು ತೆಳುವಾಗುತ್ತವೆ, ಹೊಸಬರಿಗೆ ದೊಡ್ಡ ಟ್ಯಾಂಕೇ ಸುಲಭ. ಏರ್ ಪಂಪಿನಿಂದ ನಡೆಯುವ ಸಾದಾ ಸ್ಪಂಜ್ ಫಿಲ್ಟರ್ ಸಾಕು, ಗಾಳಿಯನ್ನು ನಿಧಾನಕ್ಕೆ ಇಟ್ಟುಕೊಳ್ಳಿ. ಹಾಫ್‌ಮೂನ್ ಜಾತಿಯ ಗಂಡು ಆ ಉದ್ದ ರೆಕ್ಕೆಗಳನ್ನು ಹೊತ್ತು ಜೋರು ಹರಿವಿನಲ್ಲಿ ಈಜುವುದೆಂದರೆ ಪಂಚೆ ಉಟ್ಟು ಹೊಳೆ ದಾಟಿದ ಹಾಗೆ. ಮೇಲೆ ಮುಚ್ಚಳ ಇರಲೇಬೇಕು, ಬೆಟ್ಟಾ ಹಾರುತ್ತದೆ. ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿ ಇರಲೂಬೇಕು, ಅದು ಉಸಿರಾಡುವುದು ಅಲ್ಲಿಂದ. ಹೂದಾನಿಯಲ್ಲಿ ಮೀನು, ಬಾಯಿಗೆ ಗಿಡ ಸಿಕ್ಕಿಸಿ ‘ಬೇರು ತಿಂದು ಬದುಕುತ್ತೆ’ ಅಂತ ಉಡುಗೊರೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದು ಹುಳ, ಸೊಳ್ಳೆಮರಿ ತಿನ್ನುವ ಮಾಂಸಾಹಾರಿ.

ಚಳಿಯ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಮಂಗಳೂರಿನಲ್ಲಿ ಓದುತ್ತಿದ್ದಾಗ ಕೋಣೆಯಲ್ಲಿ ಒಂದು ಕೆಂಪು ಬೆಟ್ಟಾ ಇತ್ತು. ಅಲ್ಲಿ ಹೀಟರಿನ ಯೋಚನೆಯೇ ಬರಲಿಲ್ಲ, ಸೆಖೆಗೆ ನೀರು ಸದಾ ಬೆಚ್ಚಗೆ. ಓದು ಮುಗಿಸಿ ಅದನ್ನು ಬೆಂಗಳೂರಿಗೆ ತಂದೆ. ಜನವರಿ ಬರುವಷ್ಟರಲ್ಲಿ ಊಟ ಬಿಟ್ಟಿತು. ನಾನು ಕಾಯಿಲೆ ಹುಡುಕಿದೆ, ಔಷಧಿ ಹಾಕಿದೆ. ಮೀನು ಹೋದ ಮೇಲೆ ಥರ್ಮಾಮೀಟರ್ ಇಟ್ಟು ನೋಡಿದೆ. ಬೆಟ್ಟಾಗೆ 24ರಿಂದ 28 ಡಿಗ್ರಿ ಬೇಕು. ಕರಾವಳಿಯವರಿಗೆ ಹೀಟರ್ ಬೇಡದಿರಬಹುದು. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರು ಚಳಿಗಾಲಕ್ಕಾದರೂ 25 ವ್ಯಾಟಿನ ಥರ್ಮೋಸ್ಟಾಟ್ ಹೀಟರ್ ಇಟ್ಟುಕೊಳ್ಳಿ, 20 ಲೀಟರಿಗೆ ಅದು ಸಾಕು. ನೀರು ಬದಲಿಸುವಾಗ ಅದರ ಸ್ವಿಚ್ ಆರಿಸಿ. ನೀರಿನಿಂದ ಹೊರಗೆ ಉರಿದರೆ ಗಾಜು ಸಿಡಿಯುತ್ತದೆ.

ಊಟದ ವಿಷಯದಲ್ಲಿ ಶತ್ರು ನಮ್ಮ ಪ್ರೀತಿ. ಒಂದು ಮನೆಯಲ್ಲಿ ಹೊಟ್ಟೆ ಉಬ್ಬಿದ ಮೀನು ನೋಡಿ ವಿಚಾರಿಸಿದೆ. ಅಜ್ಜಿ ಪೂಜೆ ಮುಗಿಸಿ ನಾಲ್ಕು ಕಾಳು ಹಾಕುತ್ತಾರೆ, ಮೊಮ್ಮಗ ಸ್ಕೂಲಿಗೆ ಹೊರಡುವಾಗ ನಾಲ್ಕು, ಸೊಸೆ ಮಧ್ಯಾಹ್ನ, ಮಗ ಆಫೀಸಿನಿಂದ ಬಂದು. “ಹತ್ರ ಹೋದ್ರೆ ಬಾಯಿ ತೆಗೀತದಪ್ಪ, ಹಸಿದಿರುತ್ತೆ ಅಂತ ಹಾಕ್ದೆ” ಅಂದರು ಅಜ್ಜಿ. ಬೆಟ್ಟಾ ಯಾವಾಗ ಹೋದರೂ ಬಾಯಿ ತೆಗೆಯುತ್ತದೆ, ಗದ್ದೆಯಲ್ಲಿ ಮುಂದಿನ ಊಟ ಯಾವಾಗಲೋ ಏನೋ. ಬೆಳಿಗ್ಗೆ ಎರಡು-ಮೂರು, ಸಂಜೆ ಎರಡು-ಮೂರು ಪೆಲೆಟ್ ಸಾಕು. ವಾರಕ್ಕೊಂದು ದಿನ ಉಪವಾಸ. ಅಜ್ಜಿಯ ಬಿಪಿ ಮಾತ್ರೆಯ ಡಬ್ಬಿ ಅಲ್ಲೇ ಇತ್ತು, ಸೋಮವಾರ ಮಂಗಳವಾರ ಅಂತ ಏಳು ಖಾನೆಯದ್ದು. ಅಂಥದ್ದೇ ಇನ್ನೊಂದು ತಂದು ವಾರದ ಪೆಲೆಟ್ ತುಂಬಿಡಿ, ಅವತ್ತಿನ ಖಾನೆ ಖಾಲಿಯಾಗಿದ್ದರೆ ಯಾರೂ ಹಾಕಬೇಡಿ ಅಂದೆ. ಏಕಾದಶಿ ಖಾನೆ ಯಾವುದು ಅಂತ ಅಜ್ಜಿಯೇ ನಿರ್ಧರಿಸಿದರು.

ಜೊತೆಗಾರರ ಬಗ್ಗೆ ಹೇಳುವುದು ಕಡಿಮೆ: ಎರಡು ಗಂಡು ಬೇಡ, ಗಂಡು-ಹೆಣ್ಣೂ ಒಟ್ಟಿಗೆ ಬೇಡ. ಒಂದೇ ಇದ್ದರೆ ಅದಕ್ಕೆ ಬೇಸರವಾಗುತ್ತದೆ ಅನ್ನುವುದು ನಮ್ಮ ಬೇಸರ. ಕನ್ನಡಿ ತೋರಿಸಿ, ಎದುರಾಳಿ ಬಂತು ಅಂತ ಅದು ಕಿವಿರು ಅರಳಿಸುವ ಹಾಗೆ ಮಾಡುವ ಆಟ ಒಂದೆರಡು ನಿಮಿಷಕ್ಕಿಂತ ಹೆಚ್ಚು ಆಡಿಸಬೇಡಿ.

ಔಷಧಿಗೆ ಕೈ ಹಾಕುವ ಮೊದಲು ಒಂದು ಟಾರ್ಚ್ ತೆಗೆದುಕೊಂಡು ಪಕ್ಕದಿಂದ ಬೆಳಕು ಬಿಡಿ. ಮೈಮೇಲೆ ಸಣ್ಣ ರವೆ ಅಂಟಿದ ಹಾಗೆ ಬಿಳಿ ಚುಕ್ಕಿಗಳಿದ್ದರೆ ಇಕ್. ಚಿನ್ನದ ಧೂಳು ಉದುರಿಸಿದ ಹಾಗಿದ್ದರೆ ವೆಲ್ವೆಟ್. ಎರಡೂ ಪರಾವಲಂಬಿ ಜೀವಿಗಳು, ಎರಡಕ್ಕೂ ಚಿಕಿತ್ಸೆ ಇದೆ. ರೆಕ್ಕೆಯ ಅಂಚು ಕಪ್ಪಾಗಿ ಸವೆಯುತ್ತಿದ್ದರೆ ಅದು ಕೊಳೆ ನೀರಿನ ಫಲ, ಮೊದಲ ಔಷಧಿ ಶುದ್ಧ ನೀರೇ. ಹೊಟ್ಟೆ ಊದಿ ಹುರುಪೆಗಳೆಲ್ಲ ಹಲಸಿನ ಮುಳ್ಳಿನಂತೆ ನಿಮಿರಿ ನಿಂತರೆ ಅದು ಡ್ರಾಪ್ಸಿ, ಆ ಹಂತದಿಂದ ಮರಳಿ ಬಂದ ಮೀನು ತೀರಾ ಕಡಿಮೆ. ಯಾವುದು ಅಂತ ಗೊತ್ತಿಲ್ಲದೆ ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ಸುರಿಯುವ ಅಭ್ಯಾಸ ಮಾತ್ರ ಬಿಡಿ. ಆಂಟಿಬಯೋಟಿಕ್ ಕಷ್ಟಪಟ್ಟು ಸಾಕಿದ ಆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಹುದು.

ಬಾದಾಮಿ ಎಲೆ ಕೇಳುವವರು ಬಹಳ. ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವ ಆ ಎಲೆ ನಮ್ಮ ಪಾರ್ಕುಗಳಲ್ಲಿ ಕೊಡೆಯಂತೆ ಹರಡಿಕೊಂಡಿರುವ ಬಾದಾಮಿ ಮರದ್ದೇ. ತಾನಾಗಿ ಉದುರಿ ಒಣಗಿ ಕಂದಾದ ಎಲೆ ಆರಿಸಿ, ತೊಳೆದು, 20 ಲೀಟರಿಗೆ ಒಂದು ಹಾಕಿ. ನೀರು ತಿಳಿ ಚಹಾದ ಬಣ್ಣಕ್ಕೆ ಬರುತ್ತದೆ, ಗಾಬರಿ ಬೇಡ, ಬೆಟ್ಟಾದ ತವರಿನ ನೀರೂ ಇಂಥದ್ದೇ. ರಸ್ತೆ ಧೂಳು ತಿಂದ ಎಲೆ, ಔಷಧಿ ಹೊಡೆದ ಎಲೆ ಬೇಡ.

ಅಂಗಡಿಯಲ್ಲಿ ಬಣ್ಣ ತುಂಬಿದ ರೆಕ್ಕೆ ನೋಡಿ ನಾವು ಕೊಳ್ಳುವ ಗಂಡಿಗೆ ಆಗಲೇ ಆರು ತಿಂಗಳೋ ಇನ್ನೂ ಹೆಚ್ಚೋ ಆಗಿರುತ್ತದೆ. ಅದರ ಆಯುಷ್ಯ ಸುಮಾರು ಮೂರು ವರ್ಷ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡುವುದು ವಾಸಿ. ಸಾಕಲು ಆಗದಿದ್ದರೆ ಕೆರೆಗೆ ಬಿಡುವುದಂತೂ ಬೇಡ, ಅಂಗಡಿಗೇ ಹಿಂತಿರುಗಿಸಿ.

ಆ ಅಪ್ಪ-ಮಗಳಿಗೆ ಅವತ್ತು 20 ಲೀಟರಿನ ಟ್ಯಾಂಕ್, ಹೀಟರ್, ನನ್ನ ಟ್ಯಾಂಕಿನ ಸ್ಪಂಜಿನ ಒಂದು ತುಂಡು ಕೊಟ್ಟು ಕಳಿಸಿದೆ. ಮೂರು ವಾರದ ನಂತರ ಅಪ್ಪನ ಫೋನ್.

“ಸರ್, ಈಗ ಚೆನ್ನಾಗಿ ಓಡಾಡ್ತಿದೆ. ಆದ್ರೆ ನೀರಿನ ಮೇಲೆ ಒಂದು ಮೂಲೇಲಿ ನೊರೆ ಬರ್ತಿದೆ. ನೀವು ಹೇಳಿದ್ಮೇಲೆ ನಾವು ಸೋಪ್ ಮುಟ್ಟೇ ಇಲ್ಲ, ಆಣೆ ಮಾಡಿ ಹೇಳ್ತೀನಿ. ಎರಡು ಸಲ ಟಿಶ್ಯೂನಲ್ಲಿ ಒರೆಸಿ ತೆಗೆದೆ, ಮತ್ತೆ ಬಂದಿದೆ.”

ನಗು ತಡೆದುಕೊಂಡು ಹೇಳಿದೆ: ಅದು ಸೋಪಲ್ಲ, ಗೂಡು. ಗಂಡು ಬೆಟ್ಟಾ ಪ್ರಾಯಕ್ಕೆ ಬಂದು ಮೈ ಗಟ್ಟಿಯಿದ್ದಾಗ ಬಾಯಿಯ ಲೋಳೆಯಲ್ಲಿ ಒಂದೊಂದೇ ಗುಳ್ಳೆ ಸುತ್ತಿ ಮೊಟ್ಟೆ ಇಡಲು ಜಾಗ ಮಾಡುತ್ತದೆ. ಹೆಣ್ಣು ಇಲ್ಲದಿದ್ದರೂ ಕಟ್ಟುತ್ತದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಗಳ ದನಿ ಕೇಳಿಸಿತು: “ಅಪ್ಪಾ, ನಾನು ಆಗ್ಲೇ ಹೇಳ್ಲಿಲ್ವಾ, ಒರೆಸ್ಬೇಡ ಅಂತ!”