ಹಲ್ಲಿನ ಟೋಪಿಯ ಕಥೆ: ಪಿಂಗಾಣಿಯ ಅಡಿಯಲ್ಲಿ ಏನಿದೆ?

ಮಂಡ್ಯದ ನಮ್ಮ ಸೋದರಮಾವ ಕಬ್ಬಿನ ಸಿಪ್ಪೆಯನ್ನು ಹಲ್ಲಲ್ಲೇ ಸುಲಿಯುವ ಪೈಕಿ. ಕಳೆದ ಸುಗ್ಗಿಯಲ್ಲಿ ಕೆಳಗಿನ ದವಡೆ ಹಲ್ಲೊಂದು ಅರ್ಧಕ್ಕರ್ಧ ಮುರಿದು ಕೈಗೆ ಬಂತು. ಅದಕ್ಕೆ ಎರಡು ವರ್ಷದ ಹಿಂದೆಯೇ ರೂಟ್ ಕೆನಾಲ್ ಆಗಿತ್ತು, ಕ್ಯಾಪ್ ಹಾಕಿಸುವುದೊಂದು ಬಾಕಿ. ಹುಳುಕು ಕೆರೆದು, ನರ ತೆಗೆದ ಹಲ್ಲಿನಲ್ಲಿ ಉಳಿಯುವುದು ತೆಳು ಗೋಡೆಗಳಷ್ಟೇ, ಜಗಿತದ ಭಾರ ಬಿದ್ದರೆ ಸೀಳುತ್ತದೆ. ಡಾಕ್ಟರು ಮೂರು ರೇಟು ಹೇಳಿದರು: ಮೆಟಲ್, ಸೆರಾಮಿಕ್, ಜಿರ್ಕೋನಿಯಾ. ಮಾವ ಕೇಳಿದ್ದು ಒಂದೇ ಮಾತು: ‘ಕ್ಯಾಪು ಅಂದ್ರೆ ಟೋಪಿ ತಾನೆ ಡಾಕ್ಟ್ರೇ, ಮೂರ್ರಲ್ಲಿ ಯಾವ್ ಟೋಪಿ ಹಾಕ್ತೀರ ನಂಗೆ?’

ಪ್ರಶ್ನೆ ತಮಾಷೆಯದಾದರೂ ಆ ಮೂರು ರೇಟಿನ ಹಿಂದೆ ಇನ್ನೂರೈವತ್ತು ವರ್ಷದ ಒಂದು ತಲೆನೋವಿದೆ.

1774ರ ಸುಮಾರಿಗೆ ಪ್ಯಾರಿಸ್ ಬಳಿಯ ಔಷಧ ವ್ಯಾಪಾರಿ ಅಲೆಕ್ಸಿಸ್ ಡುಶಾತೊಗೆ ಪ್ರಾಣಿಯ ದಂತದಲ್ಲಿ ಮಾಡಿದ ತನ್ನ ಕಟ್ಟುಹಲ್ಲು ಸಾಕಾಗಿಹೋಗಿತ್ತು. ಬಣ್ಣಗೆಡುತ್ತಿತ್ತು, ನಾರುತ್ತಿತ್ತು. ಅಂಗಡಿಯಲ್ಲಿ ಔಷಧ ಅರೆಯುವ ಪಿಂಗಾಣಿ ಪಾತ್ರೆಗಳಿಗೆ ಮಾತ್ರ ಯಾವ ಕಲೆಯೂ ಹಿಡಿಯುತ್ತಿರಲಿಲ್ಲ. ಹಲ್ಲನ್ನೂ ಇದರಲ್ಲೇ ಮಾಡಿಸಿದರೆ? ಪಿಂಗಾಣಿ ಕಾರ್ಖಾನೆಗೆ ಹೋದ. ಆದರೆ ಭಟ್ಟಿಯಲ್ಲಿ ಸುಟ್ಟಾಗ ಪಿಂಗಾಣಿ ಕುಗ್ಗುತ್ತದೆ, ಅಳತೆ ತಪ್ಪುತ್ತದೆ. ಹಲವು ಸಲ ಸೋತ ಮೇಲೆ ಹೇಗೋ ಬಾಯಿಗೆ ಕೂರುವ ಒಂದು ಜೊತೆ ಸಿಕ್ಕಿತು.

ಒಂಟಿ ಹಲ್ಲಿಗೆ ಪಿಂಗಾಣಿಯ ಹೊದಿಕೆ ಹಾಕಿದವರು ಅಮೆರಿಕದ ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್, 1880ರ ದಶಕದ ಕೊನೆಯಲ್ಲಿ. (1927ರಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದ ವಿಮಾನಿ ಲಿಂಡ್‌ಬರ್ಗ್ ಇವರ ಮಗಳ ಮಗ.) ಅರೆದು ಸಣ್ಣ ಮಾಡಿದ ಹಲ್ಲಿನ ಅಚ್ಚಿಗೆ ಪ್ಲಾಟಿನಂ ತಗಡು ಸುತ್ತಿ, ಅದರ ಮೇಲೆ ಪಿಂಗಾಣಿ ಸುಟ್ಟು, ಆಮೇಲೆ ತಗಡು ಬಿಡಿಸುತ್ತಿದ್ದರು. ನೋಡಲು ಅಸಲಿ ಹಲ್ಲೇ. ಆದರೆ ಗಟ್ಟಿ ಜಗಿದರೆ ಚೂರು. ಪಿಂಗಾಣಿ ಒತ್ತಡ ತಡೆಯುತ್ತದೆ, ಬಾಗು ತಡೆಯುವುದಿಲ್ಲ. ಕಾಫಿ ಲೋಟ ಕೈಜಾರಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾಗಿ ಮುಂದಿನ ಹುಡುಕಾಟವೆಲ್ಲ ಪಿಂಗಾಣಿಯ ಅಡಿಗೆ ಏನಿಡಬೇಕೆಂಬುದೇ. ಲೋಹ ಇಡೋಣವೆಂದರೆ, ಕುಲುಮೆಯಿಂದ ತೆಗೆದು ಆರುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗದೆ ಮೇಲಿನ ಪದರ ಬಿರಿಯುತ್ತಿತ್ತು. ಪಿಂಗಾಣಿಯಲ್ಲಿ ಲ್ಯೂಸೈಟ್ ಎಂಬ ಹರಳು ಹೆಚ್ಚಿಸಿ ಎರಡರ ಹಿಗ್ಗು-ಕುಗ್ಗು ಹೊಂದಿಸಿದ ವಿಧಾನಕ್ಕೆ 1962ರಲ್ಲಿ ಪೇಟೆಂಟ್ ಬಂತು. ರೇಟ್ ಪಟ್ಟಿಯಲ್ಲಿ ‘ಸೆರಾಮಿಕ್’ ಎನ್ನುವುದು ಸಾಮಾನ್ಯವಾಗಿ ಇದೇ: ಒಳಗೆ ಲೋಹ, ಹೊರಗೆ ಪಿಂಗಾಣಿ. ವರ್ಷಗಳು ಕಳೆದು ಒಸಡು ಹಿಂದೆ ಸರಿದರೆ ಅಂಚಿನಲ್ಲಿ ಕಪ್ಪು ಗೆರೆ ಇಣುಕುವುದೂ ಆ ಲೋಹದಿಂದಲೇ. 1965ರಲ್ಲಿ ಇಂಗ್ಲೆಂಡಿನ ಮ್ಯಾಕ್ಲೀನ್ ಮತ್ತು ಹ್ಯೂಸ್ ಲೋಹದ ಗೊಡವೆಯೇ ಬೇಡವೆಂದು ಪಿಂಗಾಣಿಗೆ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡಿನ ಗಟ್ಟಿ ಹರಳು) ಬೆರೆಸಿದರು. ಮುಂದಿನ ಹಲ್ಲಿಗೆ ಸಾಕಾಯಿತು, ದವಡೆಗೆ ಸಾಲಲಿಲ್ಲ.

ಮೈಸೂರಿನಲ್ಲಿ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು ಶುರುವಾಗಿದ್ದು 1986ರಲ್ಲಿ. ಅದಕ್ಕೆ ಒಂದು ವರ್ಷ ಮೊದಲಷ್ಟೇ ಜ್ಯೂರಿಕ್‌ನಲ್ಲಿ ಕಂಪ್ಯೂಟರ್ ನಡೆಸುವ ಯಂತ್ರದಿಂದ ಪಿಂಗಾಣಿಯ ಗಟ್ಟಿಯನ್ನು ಕೊರೆದು ಮಾಡಿದ ತುಂಬುಗೆಯನ್ನು ರೋಗಿಯ ಬಾಯಲ್ಲಿ ಕೂರಿಸಿದ್ದರು. ಅಡಿಗೆ ಲೋಹವೇ ಬೇಡದ, ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಪದಾರ್ಥದ ಕ್ಯಾಪು ಬಂದಿದ್ದು ಆ ದಾರಿಯಲ್ಲೇ. ಅದರ ಗುಣ ವಿಚಿತ್ರ: ಬಿರುಕು ಹುಟ್ಟಿದ ಜಾಗದಲ್ಲಿ ಹರಳುಗಳು ರೂಪ ಬದಲಿಸಿ ಉಬ್ಬುತ್ತವೆ, ಬಿರುಕಿನ ಬಾಯಿ ಒತ್ತಿ ಹಿಡಿಯುತ್ತವೆ. ಲ್ಯಾಬಿನಲ್ಲಿ ಇದನ್ನು ಸೀಮೆಸುಣ್ಣದಷ್ಟು ಮೆತ್ತಗಿರುವಾಗಲೇ, ಬೇಕಾದ್ದಕ್ಕಿಂತ ಸುಮಾರು ಐದನೇ ಒಂದು ಪಾಲು ದೊಡ್ಡದಾಗಿ ಕೊರೆಯುತ್ತಾರೆ. ಕುಲುಮೆಯಲ್ಲಿ ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಡುಶಾತೊನನ್ನು ಕಾಡಿದ ಕುಗ್ಗುವಿಕೆಯನ್ನು ಈಗ ಮೊದಲೇ ಲೆಕ್ಕ ಹಾಕಿಬಿಡುತ್ತಾರೆ, ಅಷ್ಟೆ.

ಹಾಗಂತ ದುಬಾರಿಯದೇ ಎಲ್ಲರಿಗೂ ಬೇಕೆಂದಲ್ಲ. ಯಾರೂ ನೋಡದ ಕಡೇ ದವಡೆಗೆ ಬರೀ ಮೆಟಲ್ ಈಗಲೂ ಒಳ್ಳೆಯದೆನ್ನುವುದು ನನ್ನ ಅಭಿಪ್ರಾಯ. ತೆಳುವಾಗಿ ಮಾಡಬಹುದಾದ್ದರಿಂದ ಇದ್ದಬದ್ದ ಹಲ್ಲನ್ನು ಹೆಚ್ಚು ಅರೆಯಬೇಕಿಲ್ಲ. ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲವಲ್ಲ. ಆ ಲೋಹದಲ್ಲಿ ನಿಕಲ್ ಬೆರೆತಿರಬಹುದು, ಅದರ ಅಲರ್ಜಿ ಇದ್ದರೆ ಮಾತ್ರ ಮೊದಲೇ ಹೇಳಬೇಕು.

ಮಾವ ಆರಿಸಿದ್ದೂ ಮೆಟಲ್ಲೇ. ‘ಕಬ್ ತಿನ್ಬೋದಾ?’ ಎಂದು ಕೇಳಿದ್ದಕ್ಕೆ ಡಾಕ್ಟರು, ‘ತಿನ್ನಿ, ಸಿಪ್ಪೆ ಮಾತ್ರ ಚಾಕೂಲಿ ಹೆರೀರಿ’ ಎಂದರು. ಮಾವ ಈಗ ಹಾಗೇ ಮಾಡುತ್ತಾರೆ, ಯಾರಾದರೂ ನೋಡುತ್ತಿದ್ದರೆ.