ಡಾಂಬರಿಗೆ ದುಡ್ಡಿದೆ, ಚರಂಡಿಗೆ ಜನ ಇಲ್ಲ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ರಸ್ತೆ ಹಾಳಾದರೆ ಮೊದಲು ಬೈಗುಳ ತಿನ್ನುವುದು ಡಾಂಬರು. ತೆಳ್ಳಗೆ ಹಾಕಿದ್ದಾರೆ, ಕಳಪೆ ಹಾಕಿದ್ದಾರೆ ಎನ್ನುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಒಳ್ಳೆಯ ಡಾಂಬರು ಹಾಕಿದ ರಸ್ತೆಯೂ ಮೂರು ಮಳೆಗಾಲ ತಡೆಯದೆ ಕಿತ್ತುಬರುತ್ತದಲ್ಲ, ಅದಕ್ಕೆ ಕಾರಣ ಬೇಕಿದ್ದರೆ ರಸ್ತೆ ಬದಿಯ ಚರಂಡಿಯನ್ನು ನೋಡಬೇಕು.

ಡಾಂಬರಿಗೂ ನಿಂತ ನೀರಿಗೂ ಆಗಿಬರುವುದಿಲ್ಲ. ಮೇಲೆ ಒಂದು ಸಣ್ಣ ಬಿರುಕು ಬಿದ್ದರೆ ಸಾಕು, ನೀರು ಜಲ್ಲಿಗೆ ಇಳಿಯುತ್ತದೆ, ಅಲ್ಲಿಂದ ಮಣ್ಣಿಗೆ. ನೆನೆದ ಮಣ್ಣು ಭಾರ ಹೊರುವುದಿಲ್ಲ. ನಾಟಾ ತುಂಬಿದ ಲಾರಿಯ ಗಾಲಿ ಒತ್ತಿದಾಗ ಒಳಗಿನ ನೀರು ಕೆಸರನ್ನೂ ಎಳೆದುಕೊಂಡು ಮೇಲೆ ಚಿಮ್ಮುತ್ತದೆ. ಒಳಗೆ ಟೊಳ್ಳಾಗುತ್ತದೆ, ನಾಲ್ಕು ದಿನದಲ್ಲಿ ಗುಂಡಿ. ಅದಕ್ಕೇ ರಸ್ತೆಯ ನಡುವನ್ನು ಹೆಂಚಿನ ಮಾಡಿನ ಹಾಗೆ ಎತ್ತರಿಸಿ ಎರಡೂ ಕಡೆಗೆ ಇಳಿಜಾರು ಕೊಡುತ್ತಾರೆ. ಒಂದು ಮೀಟರಿಗೆ ಸುಮಾರು ಎರಡೂವರೆ ಸೆಂಟಿಮೀಟರ್. ನೀರು ಚರಂಡಿಗೆ ಹೋಗಬೇಕು, ಚರಂಡಿಯಿಂದ ರಸ್ತೆಯ ಅಡಿಯಲ್ಲಿ ನೀರು ದಾಟಿಸುವ ಮೋರಿಗೆ, ಮೋರಿಯಿಂದ ಹಳ್ಳಕ್ಕೆ. ನಡುವೆ ಎಲ್ಲಿ ತಡೆದರೂ ಅದು ರಸ್ತೆಗೇ ವಾಪಸ್ ಬರುತ್ತದೆ.

ಹಾಸನ ಜಿಲ್ಲೆಯಲ್ಲೇ ಅರಸೀಕೆರೆ ಬಯಲುಸೀಮೆ, ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ. ಅರಸೀಕೆರೆಯಲ್ಲಿ ಚರಂಡಿ ಇಲ್ಲದ ರಸ್ತೆಯೂ ಹೇಗೋ ಬದುಕುತ್ತದೆ. ಸಕಲೇಶಪುರದಲ್ಲಿ ಆರಿದ್ರ ಮಳೆ ಮುಗಿಯುವುದರೊಳಗೆ ಅದರ ಬಣ್ಣ ಬಯಲಾಗುತ್ತದೆ.

ಇದು ಹಳಬರಿಗೆ ಗೊತ್ತಿತ್ತು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದಾಗ ಮೊದಲು ರಸ್ತೆ ಮಾಡಿಸುವ ಕೆಲಸವೂ ಕಂದಾಯ ಅಧಿಕಾರಿಗಳದ್ದೇ ಆಗಿತ್ತು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ 1834ರಿಂದ 1861ರ ಅವಧಿಯಲ್ಲಿ ಸಂಸ್ಥಾನದ ರಸ್ತೆಗಳು ಬೆಳೆದವು. ಕಾಫಿ ತೋಟಗಳೂ ಹೆಚ್ಚಿದವು. ಮಲೆನಾಡಿನ ಕಾಫಿ ಮಂಗಳೂರಿನ ಬಂದರು ಸೇರಬೇಕಿದ್ದರೆ ಎತ್ತಿನ ಗಾಡಿ ಘಾಟಿ ಇಳಿಯಲೇಬೇಕಿತ್ತು. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ರಸ್ತೆ, ಸೇತುವೆ, ಮೋರಿ, ಚರಂಡಿ ಎಲ್ಲ ಎಂಜಿನಿಯರುಗಳ ಕೈಗೆ ಬಂದವು. ಘಾಟಿಯ ಕೆಳಗಿನ ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಹೀಗೆ ಒಂದೇ ಬೆಟ್ಟದ ಮೇಲಿನ ತಿರುವು ಒಂದು ಸರ್ಕಾರದ್ದು, ಕೆಳಗಿನ ತಿರುವು ಇನ್ನೊಂದು ಸರ್ಕಾರದ್ದು. 1956ರಲ್ಲಿ ರಾಜ್ಯ ಒಂದಾದ ಮೇಲಷ್ಟೇ ಅದು ಬದಲಾಯಿತು.

ಆ ಕಾಲದಿಂದ ಉಳಿದುಬಂದಿದ್ದ ಒಂದು ಒಳ್ಳೆಯ ಏರ್ಪಾಡು ಗ್ಯಾಂಗ್. ಇಂತಿಷ್ಟು ದೂರಕ್ಕೆ ಇಷ್ಟು ಜನ ಅಂತ ಇರುತ್ತಿದ್ದರು. ಕೈಯಲ್ಲಿ ಗುದ್ದಲಿ, ಹಾರೆ, ಮಂಕರಿ, ಕತ್ತಿ. ಮಳೆ ಹಿಡಿಯುವ ಮೊದಲೇ ಚರಂಡಿ ಕೆತ್ತಿ, ಮೋರಿ ಬಾಯಿ ಬಿಡಿಸಿ, ರಸ್ತೆ ಅಂಚಿನ ಹುಲ್ಲಿನ ದಿಂಡು ಸವರುತ್ತಿದ್ದರು. ಆ ದಿಂಡು ಬೆಳೆದರೆ ನೀರು ಚರಂಡಿಗೆ ಇಳಿಯದೆ ರಸ್ತೆ ಮೇಲೇ ಓಡುತ್ತದೆ, ಅದಕ್ಕೆ. ಜಡಿಮಳೆಯಲ್ಲೂ ಕಂಬಳಿ ಕೊಪ್ಪೆ ಹಾಕಿಕೊಂಡು ಅವರು ತಮ್ಮ ಪಾಲಿನ ರಸ್ತೆ ಸುತ್ತುತ್ತಿದ್ದರು. ಯಾವ ಮೋರಿಗೆ ಯಾವ ತೋಟದ ನೀರು ಬರುತ್ತದೆ, ರಸ್ತೆಗಾಗಿ ಗುಡ್ಡ ಕಡಿದ ಯಾವ ಧರೆ ಜರಿಯುವ ಜಾತಿಯದ್ದು ಎಂದು ಅವರಿಗೆ ಬಾಯಿಪಾಠ. ಈ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇರಲಿಲ್ಲ.

ಇವರಲ್ಲಿ ಬಹಳಷ್ಟು ಜನ ದಿನಗೂಲಿಗಳು. ವರ್ಷಗಟ್ಟಲೆ ದುಡಿದರೂ ಕೆಲಸ ಕಾಯಂ ಇಲ್ಲ, ಪಿಂಚಣಿ ಇಲ್ಲ. 1984ರ ಜುಲೈ 1ರ ನಂತರ ದಿನಗೂಲಿಗಳನ್ನು ತೆಗೆದುಕೊಳ್ಳಬಾರದು ಎಂದು ರಾಜ್ಯ ಸರ್ಕಾರ ಹೇಳಿತು. ಅದಕ್ಕೂ ಮೊದಲು ಸೇರಿದವರಿಗಾಗಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ, 1990ರಲ್ಲಿ ಕೆಲಸ ಕಾಯಂ ಮಾಡುವ ಯೋಜನೆಗೆ ಒಪ್ಪಿಗೆ ಪಡೆಯಿತು. 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ ಅದೇ ಕೋರ್ಟ್ ಕೊಟ್ಟ ತೀರ್ಪು, ನಿಯಮ ಬಿಟ್ಟು ಮಾಡಿಕೊಳ್ಳುವ ಹಿಂಬಾಗಿಲ ನೇಮಕಕ್ಕೆ ಬೀಗ ಹಾಕಿತು. ದುಡಿದವರಿಗೆ ನ್ಯಾಯ ಸಿಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ತಪ್ಪಾದದ್ದು ಆಮೇಲೆ. ಇದ್ದವರು ಒಬ್ಬೊಬ್ಬರಾಗಿ ನಿವೃತ್ತರಾದರು. ಅವರ ಜಾಗಕ್ಕೆ ಸರಿಯಾದ ಸಂಬಳ ಕೊಟ್ಟು ಹೊಸಬರನ್ನು ತುಂಬಲಿಲ್ಲ.

ಜಾಗ ತುಂಬಿದ್ದು ಗುತ್ತಿಗೆ. ಗುತ್ತಿಗೆಯ ಕೆಲಸ ನಡೆಯುವುದು ಹೀಗೆ: ಎಂಜಿನಿಯರ್ ದರಪಟ್ಟಿ ನೋಡಿ ಎಸ್ಟಿಮೇಟ್ ಹಾಕುತ್ತಾರೆ. ಮಂಜೂರಾಗುತ್ತದೆ, ಟೆಂಡರ್ ಆಗುತ್ತದೆ. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡುತ್ತಾರೆ. ಕಾಂಕ್ರೀಟ್ ಚರಂಡಿಯನ್ನು ಟೇಪ್ ಹಿಡಿದು ಅಳೆಯಬಹುದು, ಡಾಂಬರಿನ ದಪ್ಪವನ್ನೂ ಅಳೆಯಬಹುದು. ಆದರೆ ಮೇ ತಿಂಗಳಲ್ಲಿ ತೆಗೆದ ಹೂಳು ಜುಲೈನಲ್ಲಿ ಮತ್ತೆ ತುಂಬಿರುತ್ತದೆ. ಯಾರು ಎಷ್ಟು ತೆಗೆದರು ಎಂದು ತೋರಿಸುವುದು ಹೇಗೆ? ಹಾಗಾಗಿ ಅಳತೆಗೆ ಸಿಗುವ ಕೆಲಸಕ್ಕೆ ಎಲ್ಲರೂ ಓಡುತ್ತಾರೆ, ಸಿಗದ ಕೆಲಸ ಉಳಿದುಹೋಗುತ್ತದೆ. ದುಡ್ಡಿನ ಲೆಕ್ಕವೂ ಎರಡು ದಾರಿ. ಇಲಾಖೆಯ ಲೆಕ್ಕ ಶೀರ್ಷಿಕೆಗಳಲ್ಲಿ 3054 ಎಂದರೆ ನಿರ್ವಹಣೆ, 5054 ಎಂದರೆ ಹೊಸ ಕಾಮಗಾರಿ. ಶಂಕುಸ್ಥಾಪನೆ, ಫಲಕ, ಹಾರ ಎಲ್ಲ 5054ಕ್ಕೆ. ಮೋರಿ ಬಾಯಿ ಬಿಡಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಜೊತೆಗೆ ರಸ್ತೆಗಳೂ ಹಂಚಿಹೋದವು. ರಾಷ್ಟ್ರೀಯ, ರಾಜ್ಯ, ಜಿಲ್ಲಾ ಎಂಬ ವಿಂಗಡಣೆ ದೇಶದ ರಸ್ತೆಗಳಿಗಾಗಿ ಮಾಡಿದ 1943ರ ನಾಗಪುರ ಯೋಜನೆಯ ಕಾಲದ್ದು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು, 1993ರ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಹಳ್ಳಿ ರಸ್ತೆ ಪಂಚಾಯತ್ ಕಡೆಗೆ, ಊರೊಳಗಿನ ರಸ್ತೆ ನಗರಸಭೆ, ಪಟ್ಟಣ ಪಂಚಾಯಿತಿಗೆ. ನೀರಿಗೆ ಈ ಗಡಿ ಗೊತ್ತಿಲ್ಲವಲ್ಲ! ತೋಟದ ಗೇಟಿಗೆ ಜೀಪು ತಿರುಗಲಿ ಎಂದು ಚರಂಡಿಗೆ ಮಣ್ಣು ತುಂಬುತ್ತಾರೆ, ಪೈಪು ಇಡುವುದಿಲ್ಲ. ಜಲ ಜೀವನ್ ಮಿಷನ್ನಿನ ಪೈಪಿಗೆ, ಫೋನ್ ಕೇಬಲ್ಲಿಗೆ ರಸ್ತೆ ಅಂಚು ಅಗೆದು ಸುಮ್ನೆ ಮುಚ್ಚಿ ಹೋಗುತ್ತಾರೆ. ಪಟ್ಟಣಗಳಲ್ಲಿ ಬಾಕ್ಸ್ ಚರಂಡಿಯ ಗೋಡೆ ರಸ್ತೆಗಿಂತ ಅರ್ಧ ಅಡಿ ಎತ್ತರ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಚರಂಡಿ ಒಳಗೆ ಒಣ, ಹೊರಗೆ ಹೊಳೆ. ಒಂದು ಇಲಾಖೆ ರಸ್ತೆ ಮಾಡಿ ಇನ್ನೊಂದು ಚರಂಡಿ ಕಟ್ಟಿದರೆ, ಇಬ್ಬರೂ ಮಟ್ಟ ನೋಡದಿದ್ದರೆ ಆಗುವುದೇ ಇದು.

2000ದಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯಲ್ಲಿ ಮಾತ್ರ ಒಂದು ಒಳ್ಳೆಯ ಷರತ್ತಿದೆ. ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು.

ಘಾಟಿಯಲ್ಲಿ ಇದೇ ಕಥೆ, ಆದರೆ ಪೆಟ್ಟು ದೊಡ್ಡದು. ಶಿರಾಡಿಯ ಮಾರನಹಳ್ಳಿಯಿಂದ ಅಡ್ಡಹೊಳೆವರೆಗೆ ಡಾಂಬರು ನಿಲ್ಲುವುದಿಲ್ಲ ಎಂದು 2015 ಮತ್ತು 2018ರಲ್ಲಿ ಎರಡು ಹಂತದಲ್ಲಿ ಕಾಂಕ್ರೀಟ್ ಹಾಕಿದರು. ಎರಡೂ ಸಲ ತಿಂಗಳುಗಟ್ಟಲೆ ಸಂಚಾರ ಬಂದ್. 2018ರ ಜುಲೈನಲ್ಲಿ ರಸ್ತೆ ತೆರೆಯಿತು, ಆಗಸ್ಟಿನಲ್ಲಿ ಗುಡ್ಡವೇ ಜರಿದು ಮತ್ತೆ ಮುಚ್ಚಿತು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ ಅಂದುಕೊಂಡರೂ, ಮೇಲಿನ ಧರೆಯ ನೀರಿಗೆ ದಾರಿ ಬೇಕಲ್ವಾ? 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು. ಹಾಸನ–ಮಾರನಹಳ್ಳಿ ಚತುಷ್ಪಥ ಕೆಲಸ ನಡೆಯುತ್ತಿದ್ದಾಗಲೇ 2021ರ ಜುಲೈನಲ್ಲಿ ದೋಣಿಗಲ್ ಬಳಿ ರಸ್ತೆ ಕುಸಿಯಿತು, 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಬಂತು.

ಅಗಲ ಬೇಕೆಂದು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮಣ್ಣು ನಿಲ್ಲುವುದಿಲ್ಲ. ಮಟ್ಟ ಮಟ್ಟವಾಗಿ ಮೆಟ್ಟಿಲು ಬಿಟ್ಟು ಕಡಿಯಬೇಕು. ಧರೆಯ ನೆತ್ತಿಯ ಮೇಲೆ ಇನ್ನೊಂದು ಚರಂಡಿ ತೆಗೆದು, ಕಾಡಿನಿಂದ ಇಳಿಯುವ ನೀರನ್ನು ಕಡಿದ ಮುಖಕ್ಕೆ ಬರದಂತೆ ಪಕ್ಕಕ್ಕೆ ತಿರುಗಿಸಬೇಕು. ತಡೆಗೋಡೆಯಲ್ಲಿ ನೀರು ಸೋರಲು ಕಂಡಿಗಳಿರಬೇಕು, ಆ ಕಂಡಿಗಳು ಮುಚ್ಚಿಹೋಗದಂತೆ ನೋಡಲು ಒಬ್ಬರಿರಬೇಕು. ಮೊದಲ ಮೂರಕ್ಕೆ ಎಸ್ಟಿಮೇಟಿನಲ್ಲಿ ಜಾಗ ಸಿಗುತ್ತದೆ. ಕೊನೆಯದಕ್ಕೆ ಸಿಗುತ್ತಿಲ್ಲ.

ಹತ್ತಾರು ಕಿಲೋಮೀಟರಿಗೆ ಒಂದರಂತೆ ಗ್ಯಾಂಗ್ ಮತ್ತೆ ಬರಲಿ. ಆಯಾ ಊರಿನವರೇ ಇರಲಿ, ಕಾಯಂ ಕೆಲಸ, ಮರ್ಯಾದೆಯ ಸಂಬಳ, ಒಂದು ಪಿಕಪ್ ಗಾಡಿ ಕೊಡಲಿ. ಗುಂಡಿ ಮುಚ್ಚಲು, ಕುಸಿದ ಗೋಡೆ ಮತ್ತೆ ಕಟ್ಟಲು ವರ್ಷ ವರ್ಷ ಸುರಿಯುವ ದುಡ್ಡಿನ ಮುಂದೆ ಇದು ದೊಡ್ಡ ಖರ್ಚಲ್ಲ. ಇದನ್ನು ಕೇಳಬೇಕಾದ್ದು ಬಜೆಟ್ ಬರುವ ಮೊದಲು, ಮೇ ಮುಗಿಯುವ ಮೊದಲು. ಆಶ್ಲೇಷ ಮಳೆಯಲ್ಲಿ ರಸ್ತೆ ತಡೆ ಮಾಡಿದರೆ ಸಿಗುವುದು ನಾಲ್ಕು ಲೋಡ್ ಜಲ್ಲಿಪುಡಿ ಮಾತ್ರ.