ಗಗನಯಾತ್ರಿಗೂ ಮಂಡೆ ತಿರುಗುತ್ತದೆ

"ಡಾಕ್ಟ್ರೇ, ಬೋಟಿನಲ್ಲಿ ಮಂಡೆ ತಿರುಗ್ತದೆ. ಮನೇಲಿ ಹೇಳಿದ್ರೆ ನಗ್ತಾರೆ" ಅಂದ ಹುಡುಗ. ಮಲ್ಪೆಯವನು, ಮೀನುಗಾರಿಕೆಗೆ ಹೊಸಬ. ಉಡುಪಿಯ ಕಿವಿ ಡಾಕ್ಟರಿಗೆ ಎರಡು ಬಗೆಯ ವಾಂತಿ ಚೆನ್ನಾಗಿ ಗೊತ್ತು: ಕಡಲಿನದು, ಆಗುಂಬೆ ಘಾಟಿಯದು. ನಾನು ಅವನಿಗೆ ಮೂರನೆಯದರ ಕಥೆ ಹೇಳಿದೆ.

1961ರಲ್ಲಿ ಸೋವಿಯತ್ ಗಗನಯಾತ್ರಿ ಗೆರ್ಮನ್ ಟಿಟೋವ್ ಒಂದು ದಿನಕ್ಕೂ ಜಾಸ್ತಿ ಹೊತ್ತು ಭೂಮಿ ಸುತ್ತಿದರು. ಯುದ್ಧವಿಮಾನ ಹಾರಿಸುತ್ತಿದ್ದ ಗಟ್ಟಿಗ. ಆದರೂ ಮೇಲೆ ವಾಂತಿ ಮಾಡಿಕೊಂಡರು. ಇವತ್ತಿಗೂ ಅರ್ಧಕ್ಕಿಂತ ಹೆಚ್ಚು ಯಾತ್ರಿಗಳಿಗೆ ಮೊದಲ ಎರಡು ಮೂರು ದಿನ ಇದೇ ಪಾಡು.

ಇದು ಹೊಟ್ಟೆಯ ತಪ್ಪಲ್ಲ. ಒಳಕಿವಿಯಲ್ಲಿ ಲೋಳೆಯಂಥ ಪದರ, ಅದರ ಮೇಲೆ ಸುಣ್ಣದ ಪುಟ್ಟ ಹರಳುಗಳು. ತಲೆ ಬಗ್ಗಿಸಿದರೆ ಹರಳಿನ ಭಾರಕ್ಕೆ ಪದರ ಜರುಗುತ್ತದೆ, ಮೆದುಳಿಗೆ ಸುದ್ದಿ ಮುಟ್ಟುತ್ತದೆ. ಮೇಲೆ ಭಾರವೇ ಇಲ್ಲವಲ್ಲ! ತಲೆ ಬಗ್ಗಿದೆ ಅಂತ ಕಣ್ಣು ಹೇಳುತ್ತದೆ, ಹರಳು ಸುಮ್ನೆ ಕೂತಿರುತ್ತದೆ. ಮೆದುಳು ಯಾರನ್ನು ನಂಬಬೇಕು?

ಗಗನಯಾತ್ರಿಗಳ ತಯಾರಿಯಲ್ಲಿ ತಿರುಗುವ ಕುರ್ಚಿ ಇದೆ. ಕಣ್ಣು ಮುಚ್ಚಿ ಕೂರಿಸಿ, ಕುರ್ಚಿ ಸುತ್ತುತ್ತಿರುವಾಗಲೇ ತಲೆ ಅತ್ತಿತ್ತ ಆಡಿಸಲು ಹೇಳುತ್ತಾರೆ. ವಿಮಾನವನ್ನು ಕಮಾನಿನಂತೆ ಏರಿಸಿ ಇಳಿಸಿ ಪ್ರತಿ ಸಲ 20-25 ಸೆಕೆಂಡು ತೇಲಿಸುವುದೂ ಇದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 12 ಮೀಟರ್ ಆಳದ ಕೊಳವಿದೆ. ಅಲ್ಲಿ ಸೂಟು ಹಾಕಿಕೊಂಡವರು ಮುಳುಗುವುದೂ ಇಲ್ಲ, ಮೇಲೇಳುವುದೂ ಇಲ್ಲ. ಆದರೆ ನೀರಿನೊಳಗೂ ಕಿವಿಯ ಹರಳಿಗೆ ಭಾರ ಇದ್ದೇ ಇದೆ. ಆ ಕೊಳದಲ್ಲಿ ಕೈ ಪಳಗುತ್ತದೆ, ಕಿವಿ ಪಳಗುವುದಿಲ್ಲ.

ನಿಜ ಹೇಳಬೇಕೆಂದರೆ, ನೆಲದ ಮೇಲೆ ಯಾವ ಪರೀಕ್ಷೆ ಪಾಸಾದರೂ ಮೇಲೆ ವಾಂತಿ ಬರುವುದಿಲ್ಲ ಅನ್ನುವ ಗ್ಯಾರಂಟಿ ಇಲ್ಲ. ಹಾಗಾಗಿ ಚಿಕ್ಕಚಿಕ್ಕ ಅಭ್ಯಾಸಗಳೇ ಕೈಹಿಡಿಯುವುದು: ತಲೆಯನ್ನು ನಿಧಾನಕ್ಕೆ ತಿರುಗಿಸು, ಒಂದು ಗೋಡೆಯನ್ನು 'ನೆಲ' ಅಂತ ಮನಸ್ಸಿನಲ್ಲೇ ನಿಗದಿ ಮಾಡಿಕೋ, ಹೊಟ್ಟೆ ತೊಳಸಿದರೆ ತಕ್ಷಣ ಹೇಳು, ವಾಂತಿ ತಡೆಯುವ ಪ್ರೊಮೆಥಜೀನ್ ಇಂಜೆಕ್ಷನ್ ಇದೆ. ನನ್ನ ಪ್ರಕಾರ ಆ 'ಹೇಳು' ಅನ್ನುವುದೇ ಕಷ್ಟದ ಪಾಠ. ಪೈಲಟ್‌ಗಳಿಗೆ ಮರ್ಯಾದೆ ಪ್ರಶ್ನೆ, ಅಲ್ವಾ? 1969ರ ಅಪೊಲೊ 9ರಲ್ಲಿ ರಸ್ಟಿ ಶ್ವೈಕರ್ಟ್ ವಾಂತಿ ಮಾಡಿಕೊಂಡದ್ದನ್ನು ಮುಚ್ಚಿಡಲಿಲ್ಲ. ಹೆಲ್ಮೆಟ್ಟಿನೊಳಗೆ ವಾಂತಿಯಾದರೆ ಉಸಿರೇ ಕಟ್ಟಬಹುದು. ಹಾಗಾಗಿ ಅವರ ಬಾಹ್ಯಾಕಾಶ ನಡಿಗೆಯನ್ನೇ ಮೊಟಕು ಮಾಡಿದರು.

ಹುಡುಗನಿಗೂ ಮಾತ್ರೆ ಬರೆದುಕೊಟ್ಟೆ. ಬಗ್ಗಿ ಬಲೆ ನೋಡುತ್ತಾ ಕೂರಬೇಡ, ದೂರದ ಬಾನಂಚು ನೋಡು ಅಂದೆ. ತಲೆ ತಿರುಗಿದ ಕೂಡಲೇ ಬೋಟು ನಡೆಸುವ ತಾಂಡೇಲರಿಗೆ ಹೇಳು ಅಂತಲೂ ಅಂದೆ.

"ಅವರಿಗೆ ಹೇಳಿದ್ರೆ ಇಡೀ ಬಂದರಿಗೆ ಗೊತ್ತಾಗ್ತದೆ ಡಾಕ್ಟ್ರೇ" ಅಂದ.